ಮೀನು ತೊಳೆದ ನೀರು ಮತ್ತು ಸ್ನೋಡ್ರಾಪ್

ಗಲ್ಫಿನಲ್ಲಿ ಗಿಡ ಬೆಳೆಸುವ ಕೆಲಸ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಾನು ಒಮಾನಿಗೆ ಹೊರಟಾಗ ಶಿರ್ವದ ನನ್ನ ತವರಿನವರೂ ನಕ್ಕಿದ್ದರು. "ಮರಳಲ್ಲಿ ಎಂತ ನೆಡ್ತಿ ಮಾರಾಯ್ತಿ?" ಎಂದು ಅಣ್ಣ ಕೇಳಿದ್ದ. ಈಗ ಬರ್ಕಾದ ನರ್ಸರಿಯಿಂದ ನಿವೃತ್ತಳಾಗಿ ಮಸ್ಕತ್ತಿನ ವಾದಿ ಕಬೀರಿನ ಫ್ಲ್ಯಾಟಿನಲ್ಲಿ ಕಾಲು ಚಾಚಿ ಕೂತಿದ್ದೇನೆ. ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬಾಡಿದ ಎಲೆಯ ಫೋಟೋ ಕಳಿಸಿ, "ಆಂಟಿ, ಇದಕ್ಕೆ ಎಂತ ಹಾಕ್ಬೇಕು?" ಎಂದು ಕೇಳುತ್ತಾರೆ. ಎಲ್ಲರಿಗೂ ಬಾಟಲಿಯಲ್ಲಿ ಸಿಗುವ ಔಷಧಿಯೇ ಬೇಕು. ಏನೂ ಹಾಕಬೇಡಿ ಎಂದರೆ ಆಂಟಿಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ.

ನನಗೆ ಕೆಲಸ ಕಲಿಸಿದವರು ಕುರಿಯನ್ ಸರ್. ಕೇರಳದವರು, ನರ್ಸರಿಯ ಮ್ಯಾನೇಜರ್, ಮಾತು ಕಡಿಮೆ, ಗೊಣಗು ಜಾಸ್ತಿ. ನಾನು ಸೇರಿದ ಹೊಸತರಲ್ಲಿ ದಾಸವಾಳದ ಸಸಿಗಳ ಎಲೆಯಂಚು ಸುಟ್ಟ ಹಾಗೆ ಕಂದಾಗತೊಡಗಿತು. ಓದಿ ಬಂದ ರೋಗಗಳ ಹೆಸರನ್ನೆಲ್ಲ ನಾನು ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡು, ಪೈಪಿನ ನೀರನ್ನು ಲೋಟದಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ಕುಡಿದರೆ ಉಪ್ಪು. ಬರ್ಕಾ ಕಡಲ ದಂಡೆಯ ಊರು. ತೋಟಗಳಿಗೆ ಬಾವಿಯಿಂದ ನೀರೆತ್ತಿದಷ್ಟೂ ಕಡಲಿನ ನೀರು ಒಳಗೆ ಬರುತ್ತದೆ. "ಲವೀನಾ, ಇಲ್ಲಿ ಗಿಡ ಸತ್ತರೆ ಮೊದಲು ನೀರಿನ ಮೇಲೆ ಸಂಶಯಪಡು. ಆಮೇಲೆ ನೀರು ಹಾಕಿದವರ ಮೇಲೆ," ಎಂದರು. ಆಗ ಬರೀ ಪೈಪು ಹಿಡಿದು ಹರಿಯಬಿಡುವ ಕಾಲ. ಆಮೇಲೆ ಹನಿ ನೀರಾವರಿಯ ಕೊಳವೆ ಬಂತು, ಟ್ಯಾಂಕರಿನ ಸಿಹಿನೀರು ಬಂತು, ಈಗ ಫೋನಿನಲ್ಲೇ ನೀರು ಬಿಟ್ಟು ನಿಲ್ಲಿಸುತ್ತಾರಂತೆ. ಕುರಿಯನ್ ಸರ್ ಹೇಳಿದ್ದು ಮಾತ್ರ ಬದಲಾಗಿಲ್ಲ. ಅವರ ಮಾತಿನ ಎರಡನೆಯ ಭಾಗ ನನಗೆ ಅರ್ಥವಾದದ್ದು ಬಹಳ ತಡವಾಗಿ.

ನಮ್ಮ ನರ್ಸರಿಯವರು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಕೆಲವು ಮನೆಗಳ ತೋಟ ನೋಡಿಕೊಳ್ಳುತ್ತಿದ್ದರು. ಅಲ್ಲಿನ ಒಂದು ಮನೆ ಹೆಲೆನ್ ಮೇಡಮ್ಮನದ್ದು. ಸ್ಕಾಟ್ಲೆಂಡಿನವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಂಡನಿಗೆ ಇಲ್ಲಿ ಕೆಲಸ. ಕಾಗದದ ಹೂವಿನ ಬಳ್ಳಿ ಸವರಲು ನಮ್ಮವರೊಂದಿಗೆ ಹೋಗಿದ್ದ ದಿನ ಅವರು ನನ್ನನ್ನು ಹಿಂದಿನ ಅಂಗಳಕ್ಕೆ ಕರೆದರು. ಬಿಸಿಲು ಬೀಳದ ಗೋಡೆಯ ಬುಡದಲ್ಲಿ ಮೂರು ಮಣ್ಣಿನ ಕುಂಡಗಳಿದ್ದವು. ಅವುಗಳಲ್ಲಿ ಹುಲ್ಲಿನಂಥ ಎಲೆಗಳು ಹಳದಿಯಾಗಿ ಮಲಗಿದ್ದವು.

"ಇವು ಸ್ನೋಡ್ರಾಪ್. ನನ್ನ ಅಮ್ಮನ ತೋಟದ್ದು," ಎಂದರು.

ಚಳಿದೇಶಗಳಲ್ಲಿ ಹಿಮ ಕರಗುವ ಮೊದಲೇ ನೆಲದಿಂದೇಳುವ ಸಣ್ಣ ಬಿಳಿ ಹೂ ಅದು. ತಲೆ ತಗ್ಗಿಸಿ ಜುಮುಕಿಯ ಹಾಗೆ ನೇತಾಡುತ್ತದೆ. ಮಣ್ಣಿನೊಳಗೆ ಅದರ ಗೆಡ್ಡೆ ನಮ್ಮ ಸಾಂಬಾರು ಈರುಳ್ಳಿಯಷ್ಟೇ ಇರುತ್ತದೆ. ಅಮ್ಮ ತೀರಿಹೋದ ಮೇಲೆ ಮನೆ ಮಾರಿದರಂತೆ. ಕೊಂಡವರು ತೋಟ ಅಗೆದು ಕಾರು ನಿಲ್ಲಿಸಲು ಕಲ್ಲು ಹಾಸಿದರಂತೆ. ಅದಕ್ಕೆ ಮುಂಚೆ ಮೇಡಂ ಒಂದು ಹಿಡಿ ಗೆಡ್ಡೆ ಕಿತ್ತು ಕಾಲುಚೀಲದೊಳಗೆ ಹಾಕಿಕೊಂಡು ಮಸ್ಕತ್ತಿಗೆ ಬಂದುಬಿಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಏನು ಹೇಳಿದರು ಎಂದು ನಾನು ಕೇಳಲಿಲ್ಲ. ನೀವು ಹಾಗೆ ಮಾಡಬೇಡಿ, ಎಲ್ಲದಕ್ಕೂ ಪರವಾನಗಿ ಉಂಟು.

ಮೊದಲ ಚಳಿಗಾಲ ಹೂ ಬಿಟ್ಟಿತಂತೆ. ಅದರಲ್ಲಿ ಆಶ್ಚರ್ಯವಿಲ್ಲ. ಗೆಡ್ಡೆಯೊಳಗೆ ಮೊಗ್ಗು ಊರಿನಲ್ಲೇ ತಯಾರಾಗಿ ಬಂದಿತ್ತು. ಮರುವರ್ಷ ಬರೀ ಎಲೆ. ಅದರ ಮರುವರ್ಷ ಎಲೆಯೂ ಸಣ್ಣದು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಾವು ಇಲ್ಲಿನ ಪರದೇಶಿಗಳೆಲ್ಲ ಒಂದೇ ಜಾತಿ. ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಫ್ರಿಜ್ ಖಾಲಿ ಮಾಡಿ, ಅದರ ಬಾಗಿಲಿಗೆ ಬಟ್ಟೆ ಸಿಕ್ಕಿಸಿ, ಮೈನ್ ಸ್ವಿಚ್ ಕೆಳಗೆ ಮಾಡಿ, ಎರಡೆರಡು ಸಲ ಬೀಗ ಎಳೆದು ನೋಡಿ ಹೋಗುತ್ತೇವೆ. ಮೇಡಮ್ಮನೂ ಹಾಗೆಯೇ ಮಾಡುತ್ತಿದ್ದರು. ಮುಚ್ಚಿದ ಮನೆಯೊಳಗೆ ಮಸ್ಕತ್ತಿನ ಜುಲೈ ತಿಂಗಳಲ್ಲಿ ಆ ಗೆಡ್ಡೆಗಳು ನಿಧಾನವಾಗಿ ಬೇಯುತ್ತಿದ್ದವು.

"ಒಂದೇ ಒಂದು ಸಲ ಇವು ಹೂ ಬಿಡುವುದನ್ನು ಇನ್ನೊಮ್ಮೆ ನೋಡಬೇಕು," ಎಂದರು ಮೇಡಂ. "ಅಮ್ಮನ ತೋಟದಲ್ಲಿ ಈಗ ಇವು ಇಲ್ಲ. ಇರುವುದು ಇಷ್ಟೇ."

ಕುರಿಯನ್ ಸರ್ ಬಳಿ ಹೇಳಿದರೆ, "ಒಂಟೆಗೆ ಸ್ವೆಟರ್ ಹಾಕಿದ ಹಾಗಾಯಿತು," ಎಂದು ಗೊಣಗಿದರು. ಗೊಣಗುತ್ತಲೇ ತಮ್ಮ ಆಫೀಸಿನ ಕಪಾಟಿನ ಕೆಳಗಿನ ಅಂತಸ್ತು ಖಾಲಿ ಮಾಡಿಕೊಟ್ಟರು. ಅವರ ಪ್ರೀತಿ ಯಾವಾಗಲೂ ಹಾಗೆಯೇ, ಬೈಗುಳದ ಹಿಂದಿನ ಬಾಗಿಲಿನಿಂದ ಬರುತ್ತಿತ್ತು.

ವಿಧಾನ ಹೇಳುತ್ತೇನೆ, ಕೇಳಿ. ಇದು ಎಲ್ಲ ಚಳಿದೇಶದ ಗೆಡ್ಡೆಗಳಿಗೂ ಸ್ವಲ್ಪ ಹೆಚ್ಚು ಕಡಿಮೆ ಹೊಂದುತ್ತದೆ. ಎಲೆ ಒಣಗಿದ ಮೇಲೆ ಗೆಡ್ಡೆ ಮಲಗುತ್ತದೆ. ಆಗ ಅದಕ್ಕೆ ಫ್ರಿಜ್ಜಿನ ಚಳಿಯೂ ಬೇಡ, ಹೊರಗಿನ ಧಗೆಯೂ ಬೇಡ. ಎ.ಸಿ. ಓಡುವ ಕೋಣೆಯ ತಂಪು ಸಾಕು. ಮುಟ್ಟಿದರೆ ತೇವ ಉಂಟೋ ಇಲ್ಲವೋ ಎಂದು ಗೊತ್ತಾಗದಷ್ಟು ಪಸೆ ಇರುವ ಮರಳಿನಲ್ಲಿ ಕುಂಡ ಇಡಬೇಕು. ನೋಡಿದವರಿಗೆ ಸತ್ತ ಹಾಗೆ ಕಾಣುತ್ತದೆ. ಒಳಗೆ ಮಾತ್ರ ಮುಂದಿನ ವರ್ಷದ ಹೂ ತಯಾರಾಗುತ್ತಿರುತ್ತದೆ. ದೀಪಾವಳಿಯ ಹೊತ್ತಿಗೆ ಫ್ರಿಜ್ಜಿನ ಚಳಿಗೆ ಹಾಕಿ ನೀರು ತೋರಿಸಿದರೆ ಬೇರು ಬಿಡುತ್ತದೆ. ನಮ್ಮ ನರ್ಸರಿಯ ಹೂವಿನ ಅಂಗಡಿಯಲ್ಲಿ ಗುಲಾಬಿ ಕಟ್ಟುಗಳನ್ನಿಡುವ, ದೀಪವಿರುವ ಗಾಜಿನ ಫ್ರಿಜ್ ಇತ್ತು. ಅದಕ್ಕಿಂತ ಒಳ್ಳೆಯ ಸ್ಕಾಟ್ಲೆಂಡ್ ಬರ್ಕಾದಲ್ಲಿ ಎಲ್ಲಿ ಸಿಗಬೇಕು? ಒಂದೇ ಷರತ್ತು, ಅದರೊಳಗೆ ಹಣ್ಣು ಇಡಬಾರದು. ಹಣ್ಣು ಮಾಗುವಾಗ ಬಿಡುವ ಗಾಳಿಗೆ ಮೊಗ್ಗು ಕರಟಿಹೋಗುತ್ತದೆ. ಅಂಗಡಿಯವನು ತನ್ನ ಬಾಳೆಹಣ್ಣು ಇಟ್ಟುಕೊಳ್ಳಲು ಬಂದಾಗಲೆಲ್ಲ ನನ್ನ ಬೈಗುಳ ತಿಂದು ಹೋಗುತ್ತಿದ್ದ.

ಆ ವರ್ಷ ಜನವರಿ ಮುಗಿಯುವಾಗ ಒಂದು ಕುಂಡದಲ್ಲಿ ಹೂ ಬಂತು. ಕಂಪನಿಯ ವ್ಯಾನಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. ಹೆಲೆನ್ ಮೇಡಂ ಅಂಗಳದ ನೆಲದ ಮೇಲೆ ಕೂತೇಬಿಟ್ಟರು. ಬೆರಳ ತುದಿಯಿಂದ ಹೂವಿನ ಗಲ್ಲ ಎತ್ತಿ ನನಗೆ ಒಳಗೆ ತೋರಿಸಿದರು. ಒಳಗಿನ ಎಸಳಿನ ತುದಿಯಲ್ಲಿ ಎರಡು ಹಸಿರು ಚುಕ್ಕೆಗಳಿದ್ದವು.

"ಸಾಮಾನ್ಯ ಸ್ನೋಡ್ರಾಪಿಗೆ ಒಂದೇ ಮಚ್ಚೆ ಇರುತ್ತದೆ, ಕಮಾನಿನ ಹಾಗೆ. ಅಮ್ಮನದ್ದಕ್ಕೆ ಎರಡು ಚುಕ್ಕೆ. ಅಂಗಡಿಯಲ್ಲಿ ಇದು ಸಿಗುವುದಿಲ್ಲ ಲವೀನಾ. ಅಮ್ಮ ಹೂ ಕೊಯ್ಯಲು ಯಾರಿಗೂ ಬಿಡುತ್ತಿರಲಿಲ್ಲ. ಬಂದವರಿಗೆಲ್ಲ ಗೆಡ್ಡೆ ಕೊಡುತ್ತಿದ್ದಳು."

ನಾನು ಜೀವಮಾನವಿಡೀ ಸಾವಿರಾರು ಗಿಡ ಮಾಡಿ ಮಾರಿದವಳು. ಆ ಹೊತ್ತು ಆದಷ್ಟು ಸಂತೋಷ ನನಗೆ ಮತ್ತೆ ಆದದ್ದು ಒಂದೇ ಸಲ. ಅದನ್ನು ಕೊನೆಗೆ ಹೇಳುತ್ತೇನೆ. ನಡುವೆ ನಡೆದದ್ದು ಬೇರೆ.

ಮರುಬೇಸಿಗೆಗೆ ನರ್ಸರಿಯ ಆಫೀಸು ಒಡೆದು ಹೊಸದು ಕಟ್ಟಲು ಶುರು ಮಾಡಿದರು. ಎ.ಸಿ. ಇಲ್ಲ, ಕಪಾಟೂ ಇಲ್ಲ. ಮೇಡಂ ಊರಿಗೆ ಹೋಗಿದ್ದರು, ಅವರ ಮನೆ ಬೀಗ ಹಾಕಿತ್ತು. ಮೂರು ಕುಂಡಗಳನ್ನು ನಾನು ವಾದಿ ಕಬೀರಿನ ನನ್ನ ಮನೆಗೆ ತಂದೆ. ಮಗಳು ಮಣಿಪಾಲದಲ್ಲಿ ಓದುತ್ತಿದ್ದಳು, ಅವಳ ಕೋಣೆ ಖಾಲಿ ಇತ್ತು. ಮಣ್ಣಿನ ಕುಂಡಕ್ಕೆ ದಿನವಿಡೀ ಎ.ಸಿ. ಹಾಕಿದ್ದು ನೋಡಿ ನನ್ನ ಗಂಡ ಸ್ಟ್ಯಾನಿ, "ನಾವು ಹಾಲಿನಲ್ಲಿ ಬೆವರುವುದು, ಈರುಳ್ಳಿಗೆ ಎ.ಸಿ.!" ಎಂದರು. ಅವರು ಇಲ್ಲೇ ಗ್ಯಾರೇಜಿನಲ್ಲಿ ಕಾರುಗಳ ಎ.ಸಿ. ರಿಪೇರಿ ಮಾಡುವವರು. ಮನೆಯಲ್ಲಿ ಎ.ಸಿ.ಯ ವಿಷಯದಲ್ಲಿ ಕೊನೆಯ ಮಾತು ಅವರದ್ದೇ ಎಂದು ಅವರು ನಂಬಿದ್ದರು.

ಅಷ್ಟರಲ್ಲಿ ನನ್ನ ತಮ್ಮನ ಮಗಳ ಮದುವೆ ಬಂತು. ಊರಿಗೆ ಹೋಗಲೇಬೇಕು. ಪಕ್ಕದ ಫ್ಲ್ಯಾಟಿನ ಗುಲಾಬಿಯಕ್ಕನಿಗೆ ಬೀಗದ ಕೈ ಕೊಟ್ಟೆ.

ಗುಲಾಬಿಯಕ್ಕ ಕಾಪುವಿನವರು. ಅವರ ಗಂಡ ಇಲ್ಲಿ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವರದ್ದು ತುಳು, ನನ್ನದು ಕೊಂಕಣಿ. ನಾವಿಬ್ಬರು ಮಾತಾಡುವುದು ಅರ್ಧ ತುಳು, ಅರ್ಧ ಕನ್ನಡ. ನಾನು ಅವರನ್ನು ಅಕ್ಕ ಎಂದರೆ, ಕೊಂಕಣಿ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎನ್ನುತ್ತಿದ್ದರು. ನನಗೆ ಜ್ವರ ಬಂದರೆ ಗಂಜಿ ಅವರ ಮನೆಯಿಂದ, ಅವರಿಗೆ ಕ್ರಿಸ್ಮಸ್ಸಿನ ತಿಂಡಿ ನನ್ನ ಮನೆಯಿಂದ. ಅವರ ಬಾಲ್ಕನಿಯಲ್ಲಿ ಬಸಳೆ, ಕರಿಬೇವು, ಮಲ್ಲಿಗೆ ಸೊಕ್ಕಿ ಬೆಳೆಯುತ್ತಿದ್ದವು. ನರ್ಸರಿಯಲ್ಲಿ ಕೆಲಸ ಮಾಡುವ ನನ್ನ ಮನೆಯಲ್ಲಿ ಅಷ್ಟು ಚಂದದ ಬಸಳೆ ಇರಲಿಲ್ಲ.

"ಕುಂಡಕ್ಕೆ ಎಂತ ಮಾಡ್ಬೇಕು ಬಾಯಿ?" ಎಂದು ಅವರು ಕೇಳಿದರು.

"ಎಂತ ಮಾಡ್ಲಿಕ್ಕೂ ಇಲ್ಲ ಅಕ್ಕ. ಎ.ಸಿ. ಆಫ್ ಆಗದ ಹಾಗೆ ನೋಡಿ, ಸಾಕು. ನೀವು ಸುಮ್ಮನೆ ತೊಂದರೆ ತಗೊಳ್ಳಬೇಡಿ," ಎಂದೆ.

ಊಟದ ಎಲೆಯ ಮುಂದೆ ಬೇಡ ಬೇಡ ಎಂದವರಿಗೇ ಎರಡು ಸೌಟು ಹೆಚ್ಚು ಬಡಿಸುವ ಊರಿನವರು ನಾವು. ತೊಂದರೆ ತಗೊಳ್ಳಬೇಡಿ ಎಂದವರ ಮನೆಗೆ ದಿನಾ ಹೋಗದಿದ್ದರೆ ಅದೆಂಥ ನೆರೆಹೊರೆ? ಗುಲಾಬಿಯಕ್ಕ ದಿನಾ ಹೋದರು. ಮೂರು ಕುಂಡ ಒಣಗಿ ಬಿದ್ದದ್ದು ನೋಡಿದರು. ಲವೀನಾ ಬಾಯಿ ಗಡಿಬಿಡಿಯಲ್ಲಿ ನೀರು ಹಾಕಲು ಮರೆತು ಹೋಗಿದ್ದಾರೆ ಎಂದುಕೊಂಡರು. ಬರೀ ನೀರು ಹಾಕಿದ್ದರೂ ಆಗುತ್ತಿತ್ತು. ನಮ್ಮ ಕರಾವಳಿಯ ಹೆಂಗಸರಿಗೆ ಗಿಡಕ್ಕೆ ಅಮೃತ ಎಂದರೆ ಒಂದೇ, ಮೀನು ತೊಳೆದ ನೀರು. ತೆಂಗಿಗೆ ಅದು, ಕರಿಬೇವಿಗೆ ಅದು, ಮಲ್ಲಿಗೆಗೆ ಅದು. ಬೂತಾಯಿ ತೊಳೆದ ದಿನ ಬೂತಾಯಿಯ ನೀರು, ಬಂಗುಡೆಯ ದಿನ ಬಂಗುಡೆಯ ನೀರು. ತಮ್ಮ ಬಸಳೆಗೆ ಕಡಿಮೆ ಮಾಡಿ ನನ್ನ ಕುಂಡಗಳಿಗೆ ಹಾಕಿದರಂತೆ.

ಚೌತಿಗೆ ಮೊದಲು ನಾವು ವಾಪಸ್ಸು ಬಂದೆವು. ಬಾಗಿಲು ತೆಗೆದ ಕೂಡಲೇ ಸ್ಟ್ಯಾನಿ, "ಯಾರೋ ಸತ್ತಿದ್ದಾರೆ," ಎಂದರು. ಮಗಳ ಕೋಣೆಯ ಬಾಗಿಲು ತೆಗೆದೆ. ಎ.ಸಿ. ತಣ್ಣಗೆ ಓಡುತ್ತಿತ್ತು, ಒಂದು ದಿನವೂ ನಿಂತಿರಲಿಲ್ಲ. ಮಲ್ಪೆ ಬಂದರನ್ನು ಒಂದು ಕೋಣೆಯಲ್ಲಿ ಹಾಕಿ ಬೀಗ ಹಾಕಿದಂಥ ವಾಸನೆ. ಮೊದಲ ಕುಂಡ ಬಗ್ಗಿಸಿದೆ. ಗೆಡ್ಡೆಗಳು ಬೆರಳಿಗೆ ಲೋಳೆಯಾಗಿ ಅಂಟಿದವು. ಎರಡನೆಯದೂ ಅಷ್ಟೇ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಬಾಗಿಲ ಬಳಿ ನಗುನಗುತ್ತಾ ಬಂದ ಗುಲಾಬಿಯಕ್ಕನ ಮೇಲೆ ಕೂಗಿಬಿಟ್ಟೆ. ಏನು ಕೂಗಿದೆ ಎಂದು ಬರೆಯುವುದಿಲ್ಲ, ತುಳುವಿನಲ್ಲಿ ಕೂಗಿದ್ದು ಕನ್ನಡದಲ್ಲಿ ಬರೆದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಅವರು ಮೊದಲು ಬೆಪ್ಪಾದರು.

"ಒಣಗಿ ಹೋಗಿತ್ತಲ್ಲಾ ಬಾಯಿ, ಪಾಪ ಅನ್ನಿಸಿತು. ಒಳ್ಳೇದಾಗ್ಲಿ ಅಂತ ಹಾಕಿದ್ದು."

"ಅದು ನನ್ನದಲ್ಲ ಅಕ್ಕ! ಆ ಮೇಡಮ್ಮನ ಅಮ್ಮನ ತೋಟದ್ದು. ಅಮ್ಮ ಇಲ್ಲ, ತೋಟ ಇಲ್ಲ, ಇದ್ದದ್ದು ಇದೊಂದೇ."

ಗುಲಾಬಿಯಕ್ಕ ಗೋಡೆ ಹಿಡಿದು ಅಲ್ಲೇ ನೆಲದಲ್ಲಿ ಕೂತರು. "ತೀರಿಹೋದ ಅಮ್ಮನದ್ದಾ?" ಎಂದರು. ಆಮೇಲೆ, "ನಾನು ಒಬ್ಬರ ಅಮ್ಮನ ನೆನಪನ್ನು ಕೊಳೆಸಿಬಿಟ್ಟೆನಾ ಬಾಯಿ?" ಎಂದು ಕೇಳಿದರು. ಕೂಗುವುದನ್ನು ಅಲ್ಲಿಗೇ ಬಿಟ್ಟು ನಾನು ಮೂರನೆಯ ಕುಂಡ ಹುಡುಕಿದೆ.

ಅದು ಮೇಜಿನಡಿಯ ಮೂಲೆಯಲ್ಲಿತ್ತು. ಗುಲಾಬಿಯಕ್ಕನಿಗೆ ಮಂಡಿನೋವು, ಅಷ್ಟು ಬಗ್ಗಲು ಆಗುತ್ತಿರಲಿಲ್ಲವಂತೆ. ಎರಚಿದ ನೀರು ಅದಕ್ಕೆ ಸ್ವಲ್ಪ ಸ್ವಲ್ಪ ಮಾತ್ರ ಬಿದ್ದಿತ್ತು. ಅದರಲ್ಲಿ ಒಂದು ಗೆಡ್ಡೆ ಗಟ್ಟಿ ಇತ್ತು. ಗಟ್ಟಿ ಎಂದರೆ ಪೂರ್ತಿ ಅಲ್ಲ, ಒಂದು ಪಕ್ಕ ಕಂದಾಗಿ ಮೆತ್ತಗಾಗಿತ್ತು. ಇನ್ನೊಂದು ಪಕ್ಕ ಬೆಳ್ಳಗಿತ್ತು. ಜಗತ್ತಿನಲ್ಲಿ ಮೇಡಮ್ಮನ ಅಮ್ಮನ ತೋಟ ಉಳಿದದ್ದು ಅಷ್ಟರಲ್ಲಿ.

ಈಗ ಈ ಕೆಲಸದ ಒಂದು ಕಷ್ಟದ ವಿಷಯ ಹೇಳಬೇಕು. ಗೆಡ್ಡೆಯ ಬುಡದಲ್ಲಿ ಬೇರು ಹೊರಡುವ ಒಂದು ಗಟ್ಟಿ ಬಿಲ್ಲೆ ಇರುತ್ತದೆ. ಗೆಡ್ಡೆಯನ್ನು ಉದ್ದಕ್ಕೆ ಸೀಳಿ, ಪ್ರತಿ ಚೂರಿಗೂ ಆ ಬಿಲ್ಲೆಯ ತುಣುಕು ಉಳಿಯುವಂತೆ ಮಾಡಿ, ಬೂಷ್ಟು ಹಿಡಿಯದಂತೆ ಪುಡಿ ಹಚ್ಚಿ, ತೇವದ ವರ್ಮಿಕ್ಯುಲೈಟ್, ಅಂದರೆ ನೀರು ಹಿಡಿದಿಡುವ ಹಗುರ ಹರಳು, ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕತ್ತಲಲ್ಲಿಟ್ಟರೆ, ಪ್ರತಿ ಚೂರಿನ ಬುಡದಲ್ಲಿ ಕುಚ್ಚಲಕ್ಕಿಯಷ್ಟು ಮರಿ ಹುಟ್ಟುತ್ತದೆ. ಒಂದು ಹಲವಾಗುತ್ತದೆ. ಆದರೆ ಆ ಮರಿ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ತಾಯಿಗೆಡ್ಡೆ ಅಲ್ಲಿಗೆ ಮುಗಿಯಿತು. ಚೂರುಗಳೆಲ್ಲ ಕೊಳೆತರೆ ಏನೂ ಉಳಿಯುವುದಿಲ್ಲ. ಇಡಿಯಾಗಿ ಬಿಟ್ಟರೆ ಬರುವ ಜನವರಿಯಲ್ಲೇ ಒಂದು ಹೂ ಬಿಟ್ಟೀತು. ಆದರೆ ಕೊಳೆ ಹತ್ತಿದ ಗೆಡ್ಡೆ ಅದರ ಮೇಲೆ ಬದುಕುತ್ತದೆ ಎಂದು ನನಗೆ ನಂಬಿಕೆ ಇರಲಿಲ್ಲ.

ನರ್ಸರಿಯ ಮಾಲಿಕರನ್ನು ನಾವು ಅರ್ಬಾಬ್ ಎನ್ನುತ್ತಿದ್ದೆವು. ಒಮಾನಿ ಹಿರಿಯರು, ಖರ್ಜೂರದ ತೋಟದಲ್ಲೇ ಹುಟ್ಟಿ ಬೆಳೆದವರು, ನಮ್ಮೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರಿಗೆ ವಿಷಯ ಹೇಳಿದೆ. ಅವರು ತಮ್ಮ ಹಳೆಯ ಖರ್ಜೂರದ ಮರ ತೋರಿಸಿದರು. ಅದರ ತಾಯಿ ಎಂದೋ ಬಿದ್ದುಹೋಗಿತ್ತು, ಬುಡದ ಮರಿ ಬೇರ್ಪಡಿಸಿ ನೆಟ್ಟದ್ದಂತೆ ಇದು. "ಮಾ ಖಲಾಸ್," ಎಂದರು. ಆಮೇಲೆ ಮರದ ಮೈ ತಟ್ಟಿ, "ಬಚ್ಚಾ ಹೈ, ತೋ ಖಲಾಸ್ ನಹೀ." ತಾಯಿ ಮುಗಿದರೂ ಮರಿ ಇದ್ದರೆ ಮುಗಿದ ಹಾಗಲ್ಲ ಎಂದು, ಅಷ್ಟೇ ಹೇಳಿ ಚಹಾ ಕುಡಿಯಲು ಹೋದರು.

ಹೆಲೆನ್ ಮೇಡಂ ಊರಿನಿಂದ ಬಂದವರೇ ನೇರ ವಾದಿ ಕಬೀರಿಗೆ ಬಂದರು. ಗ್ಯಾರೇಜುಗಳ ಸಾಲಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ದೂರದಿಂದ ಬಿಸಿಲಲ್ಲಿ ನಡೆದು ಬಂದಿದ್ದರು. "ನನ್ನ ಮನೆಯಲ್ಲಿ ನೀರು ಹೆಚ್ಚಾಯಿತು ಮೇಡಂ, ತಪ್ಪಾಯಿತು," ಎಂದು ಮಾತ್ರ ಹೇಳಿದೆ. ಯಾರು, ಎಂಥ ನೀರು ಎಂದು ಹೇಳಲಿಲ್ಲ. ಗುಲಾಬಿಯಕ್ಕ ಚಹಾ, ಗೋಳಿಬಜೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. "ಇವರು ಪಕ್ಕದ ಮನೆಯವರು," ಎಂದು ಪರಿಚಯ ಮಾಡಿಸಿದೆ. ಮೇಡಂ ಅವರನ್ನು ನೋಡಿದರು. ಕೋಣೆಯ ಗಾಳಿಯನ್ನು ಒಮ್ಮೆ ಮೂಸಿದರು. ಎಷ್ಟು ಫಿನಾಯಿಲ್ ಹಾಕಿ ಒರೆಸಿದ್ದರೂ ಬೂತಾಯಿ ಬಿಟ್ಟುಹೋಗಿರಲಿಲ್ಲ. ಆಮೇಲೆ ಒಂದು ಗೋಳಿಬಜೆ ತೆಗೆದುಕೊಂಡರು.

ಸ್ಟೀಲ್ ತಟ್ಟೆಯಲ್ಲಿ ಆ ಒಂದು ಗೆಡ್ಡೆ ಇಟ್ಟು, ಎರಡೂ ದಾರಿಗಳನ್ನು ವಿವರಿಸಿದೆ. ಆಗ ಅವರು ತಮ್ಮ ಸುದ್ದಿ ಹೇಳಿದರು. ಗಂಡನ ಕೆಲಸ ಮುಗಿಯುತ್ತಾ ಬಂದಿತ್ತು. ಚಳಿಗಾಲ ಕಳೆದ ಕೂಡಲೇ ಒಮಾನ್ ಬಿಟ್ಟು ಹೋಗುವವರು.

"ಹಾಗಾದರೆ ಇಡಿಯಾಗಿ ಬಿಟ್ಟರೆ ನಾನು ಹೋಗುವ ಮೊದಲು ಒಂದು ಹೂ ನೋಡಬಹುದು," ಎಂದರು.

"ನೋಡಬಹುದು. ಖಾತ್ರಿ ಇಲ್ಲ."

"ಕತ್ತರಿಸಿದರೆ ನಾನು ಇಲ್ಲಿರುವಾಗ ಹೂ ಇಲ್ಲ."

"ಇಲ್ಲ ಮೇಡಂ."

ಅರ್ಬಾಬ್ ಹೇಳಿದ್ದನ್ನು ಹೇಳಿದೆ. ಅವರು ಗೆಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದರು. ಇಡಿಯಾಗಿಯೇ ಇಡು ಎಂದರೆ ಸಾಕಪ್ಪಾ, ನನ್ನ ಕೈಯಿಂದ ಕೊಲ್ಲುವುದು ಬೇಡ ಎಂದು ಮನಸ್ಸಿನಲ್ಲೇ ಮಾತೆಯನ್ನು ಬೇಡಿಕೊಂಡೆ.

"ಅಮ್ಮ ಹೂ ಇಟ್ಟುಕೊಂಡವಳಲ್ಲ, ಗೆಡ್ಡೆ ಹಂಚಿದವಳು," ಎಂದರು ಮೇಡಂ. "ಕತ್ತರಿಸು."

ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲು ಕೊಳೆತ ಪಕ್ಕವನ್ನು ತೆಗೆದೆ. ಉಳಿದ ಬಿಳಿಯ ಭಾಗವನ್ನು ಸೀಳಿದೆ. ಬ್ಲೇಡು ಓರೆಯಾಗದೆ ಬಿಲ್ಲೆಯವರೆಗೆ ಇಳಿಯಿತು. ಕೆಲಸ ಕಲಿತ ಕೈಗೆ ಅಷ್ಟು ಮರ್ಯಾದೆ ಇರುತ್ತದೆ, ಅಳುವುದಿದ್ದರೆ ಆಮೇಲೆ. ಮೇಡಂ ಕಿಟಕಿಯ ಕಡೆ ತಿರುಗಿದ್ದರು. ಬಾಗಿಲಲ್ಲಿ ಗುಲಾಬಿಯಕ್ಕ ಕಣ್ಣು ಮುಚ್ಚಿ ಯಾವುದೋ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದರು.

ಚೂರುಗಳಲ್ಲಿ ಕೆಲವು ಬೂಷ್ಟು ಹಿಡಿದು ಹೋದವು. ದೀಪಾವಳಿ ಬರುವಷ್ಟರಲ್ಲಿ ಉಳಿದವುಗಳ ಬುಡದಲ್ಲಿ ಮರಿ ಕಂಡಿತು. ಬೆಳ್ಳಗೆ, ಹೊಳೆಯುತ್ತಾ, ಅನ್ನದ ಅಗುಳಿನ ಹಾಗೆ. ಮೇಡಂ ಒಮಾನ್ ಬಿಡುವ ಮೊದಲು ಬರ್ಕಾಕ್ಕೆ ಬಂದು ಗಾಜಿನ ಫ್ರಿಜ್ಜಿನ ಮುಂದೆ ನಿಂತು, ದಾರದೆಳೆಯಂಥ ಎಲೆಗಳನ್ನು ನೋಡಿ ಹೋದರು. ಹೂ ಕೊಳ್ಳಲು ಬಂದ ಗಿರಾಕಿಯೊಬ್ಬ ಅದೇ ಹೊತ್ತಿಗೆ, "ಈ ಹುಲ್ಲು ಯಾಕೆ ಫ್ರಿಜ್ಜಿನಲ್ಲಿಟ್ಟಿದ್ದೀರಿ?" ಎಂದು ಕೇಳಿದ. ಮೇಡಂ ನಕ್ಕರು. ಕಾರಿನ ಬಳಿ ಹೋದ ಮೇಲೆ ಅತ್ತರು.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಗಿಡದ ಕೆಲಸದಲ್ಲಿ ಮುಕ್ಕಾಲು ಪಾಲು ಹೇಳಲು ಏನೂ ಇಲ್ಲದ ವರ್ಷಗಳೇ. ಹೊಸಬರು ಸೋಲುವುದು ಅಲ್ಲಿ. ದಿನಾ ಏನಾದರೂ ಮಾಡಬೇಕು ಎಂಬ ಚಪಲ. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಹೇಳುವವರೇ ಅತಿಯಾಗಿ ಗೊಬ್ಬರ ಸುರಿಯುತ್ತಾರೆ. ನಾನು ನಿವೃತ್ತಳಾದಾಗ ಹೂವಿನ ಅಂಗಡಿಯವರು ಹೊಸ ಫ್ರಿಜ್ ತಂದು ಹಳೆಯ ಗಾಜಿನದ್ದನ್ನು ಎಸೆಯಲು ಹೊರಟಿದ್ದರು. ಅದನ್ನು ಕೇಳಿ ತೆಗೆದುಕೊಂಡೆ. ಗ್ಯಾರೇಜಿನ ಪಿಕಪ್ಪಿನಲ್ಲಿ ವಾದಿ ಕಬೀರಿಗೆ ಬಂತು. ಸ್ಟ್ಯಾನಿ ಅದರ ಕಂಪ್ರೆಸರ್ ಸರಿ ಮಾಡಿಕೊಟ್ಟರು. ನನ್ನ ಮನೆಯ ಬಾಗಿಲಲ್ಲಿ ಅದು ತೂರಲಿಲ್ಲ, ಪಕ್ಕದ ಮನೆಯ ಬಾಗಿಲು ಸ್ವಲ್ಪ ಅಗಲ.

"ನಮ್ಮಲ್ಲಿ ಇಡಿ," ಎಂದರು ಗುಲಾಬಿಯಕ್ಕ. ನಾನು ನಮ್ಮ ಬಾಗಿಲನ್ನು ಇನ್ನೊಮ್ಮೆ ಅಳೆದು ನೋಡಿದೆ. ಅವರು ನೆಲ ನೋಡುತ್ತಾ, "ನಾನು ಮುಟ್ಟುದಿಲ್ಲ ಬಾಯಿ. ಇರ್ಲಿಕ್ಕೆ ಜಾಗ ಮಾತ್ರ ನಮ್ಮದು," ಎಂದರು.

ನಿಜವಾಗಿ ಮುಟ್ಟಲಿಲ್ಲ. ಆ ಫ್ರಿಜ್ ಅವರ ಹಾಲಿನಲ್ಲಿ ಸೋಫಾದ ಪಕ್ಕದಲ್ಲಿ ದೇವರ ಮಂಟಪದಂತೆ ನಿಂತಿತು. ಬೇಸಿಗೆಯ ನಿದ್ದೆಗೆ ಅದರ ಚಳಿ ತಗ್ಗಿಸುವುದೂ ನನ್ನದೇ ಕೆಲಸ. ಮನೆಯವರು ಯಾರೂ ಅದರೊಳಗೆ ಒಂದು ಆಪಲ್ ಕೂಡಾ ಇಡುವಂತಿರಲಿಲ್ಲ. ನಮ್ಮ ಎರಡು ಮನೆಯವರು ಒಂದೇ ತಿಂಗಳು ಊರಿಗೆ ಹೋಗುವುದು ನಿಂತಿತು. ಒಬ್ಬರು ಹೋದರೆ ಇನ್ನೊಬ್ಬರು ಕಾವಲು. ನೀರು ಹಾಕುವವಳು ನಾನೊಬ್ಬಳೇ. ನಾನು ಊರಿಗೆ ಹೋದರೆ ಹಾಕುವವರು ಸ್ಟ್ಯಾನಿ, ಅದೂ ನಾನು ಫೋನಿನಲ್ಲಿ ಹೇಳಿದಷ್ಟು. ಗುಲಾಬಿಯಕ್ಕ ತಮ್ಮ ಬಸಳೆಗೆ ನೀರು ಹಾಕುವಾಗ ಕೂಡಾ ಈಚೆಗೆ ಕೈ ಹಿಡಿದು ಹಾಕುತ್ತಿದ್ದರು. ಅದು ನೋಡಿ ನನಗೆ ಸಂಕಟವಾಗುತ್ತಿತ್ತು. ಕೂಗಿದ್ದಕ್ಕೆ ಹತ್ತು ಸಲ ಕ್ಷಮೆ ಕೇಳಿದ್ದೆ. "ನೀವು ಕೂಗಿದ್ದಕ್ಕಲ್ಲ ಬಾಯಿ," ಎನ್ನುತ್ತಿದ್ದರು, ಅಷ್ಟೇ.

ಗೆಡ್ಡೆ ಕತ್ತರಿಸಿದ ಮೇಲಿನ ನಾಲ್ಕನೆಯ ಚಳಿಗಾಲ, ನಮ್ಮ ಇಗರ್ಜಿಯಲ್ಲಿ ಮೇಣದಬತ್ತಿ ಆಶೀರ್ವಾದ ಮಾಡುವ ಹಬ್ಬದ ಬೆಳಿಗ್ಗೆ, ನಾನಿನ್ನೂ ಪೂಜೆಗೆ ಹೊರಡುತ್ತಿದ್ದೆ. ಗುಲಾಬಿಯಕ್ಕ ಓಡಿ ಬಂದು ಬಾಗಿಲು ಬಡಿದರು.

"ಬಾಯಿ, ಬನ್ನಿ. ಬಗ್ಗಿಕೊಂಡು ನಿಂತಿದೆ ಒಂದು."

ಹೋಗಿ ನೋಡಿದೆ. ಗಾಜಿನ ಹಿಂದೆ, ಒಂದೇ ಒಂದು, ಬೆಳ್ಳಗೆ ತಲೆ ತಗ್ಗಿಸಿ ನಿಂತಿತ್ತು. ಕುಂಡ ಹೊರಗೆ ತೆಗೆದು, ಅಲ್ಲೇ ನಿಂತುಕೊಂಡು ಸ್ಕಾಟ್ಲೆಂಡಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ ಎಂಬುದು ನೆನಪಾದದ್ದು ಮೇಡಂ ಹಾಸಿಗೆಯಿಂದ ಎದ್ದು ಕನ್ನಡಕ ಹುಡುಕುವಾಗ. ಮುಖ ಇಳಿದಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಹಾಕಿಕೊಂಡು ಹೂವನ್ನು ನೋಡಿದರು. ಕೊನೆಗೆ, "ಅದರ ಗಲ್ಲ ಎತ್ತಿ ತೋರಿಸು ಲವೀನಾ," ಎಂದರು.

ನನ್ನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕುಂಡ. ಗುಲಾಬಿಯಕ್ಕನಿಗೆ ಕಣ್ಣಲ್ಲೇ ಹೇಳಿದೆ. ಅವರು ಹಿಂದೆ ಸರಿದರು. "ಎತ್ತಿ ಅಕ್ಕ," ಎಂದೆ. ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು, ಅರಿಶಿನದ ಕಲೆಯಿದ್ದ ಬೆರಳನ್ನು ಹೂವಿನಡಿಗೆ ತಂದು ಮೆಲ್ಲನೆ ಎತ್ತಿದರು. ಒಳಗೆ ಎರಡು ಹಸಿರು ಚುಕ್ಕೆ.

ಅತ್ತ ಹೆಲೆನ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. "ಅಮ್ಮ," ಎಂದಷ್ಟೇ ಕೇಳಿಸಿತು. ನಾನೂ ಅತ್ತೆ, ಅದನ್ನೇನು ಮುಚ್ಚಿಡುವುದು. ಸ್ವಲ್ಪ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡು ಫೋನಿನ ಹತ್ತಿರ ಬಂದು ಕುಂಡವನ್ನು ದಿಟ್ಟಿಸಿದರು. ಶಾಲೆಯ ಟೀಚರಿನ ಸ್ವರ ವಾಪಸ್ಸು ಬಂದಿತ್ತು.

"ಮಣ್ಣು ಒಣಗಿದೆ. ಹೂ ಬಿಟ್ಟಾಗ ಬಾಯಾರಿಕೆ ಜಾಸ್ತಿ. ನಿನ್ನ ಪಕ್ಕದ ಮನೆಯವರಿಗೆ ಹೇಳು, ಸ್ವಲ್ಪ ನೀರು ಹಾಕಲಿ." ಆಮೇಲೆ ಸೇರಿಸಿದರು, "ಈ ಸಲ ಮೀನಿನದ್ದು ಬೇಡ."

ಅಷ್ಟು ವರ್ಷ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಗೋಳಿಬಜೆ ತಿಂದು ಹೋಗಿದ್ದರು. ಗುಲಾಬಿಯಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ಮೀನು, ನೀರು ಎಂಬ ಎರಡು ಶಬ್ದ ತಿಳಿಯುತ್ತದೆ. ನನ್ನ ಮುಖ ನೋಡಿದರು. "ಎಂತ ಹೇಳಿದ್ರು ಬಾಯಿ?"

"ನೀವೇ ನೀರು ಹಾಕಬೇಕಂತೆ ಅಕ್ಕ."

ಅವರು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು, ಲೋಟವನ್ನು ಎಷ್ಟು ಸಲ ತೊಳೆದರೋ ಏನೋ. ಸ್ಟೀಲಿನ ಲೋಟದಲ್ಲಿ ನೀರು ತಂದು, ಮೂಗಿನ ಹತ್ತಿರ ಹಿಡಿದು ಮೂಸಿ, ಕುಂಡದ ಅಂಚಿನಲ್ಲಿ ತೊಟ್ಟು ತೊಟ್ಟಾಗಿ ಹಾಕಿದರು. ಫೋನಿನಲ್ಲಿ ಮೇಡಂ ನೋಡುತ್ತಿದ್ದರು. "ಇನ್ನು ಸ್ವಲ್ಪ," ಎಂದರು. ಗುಲಾಬಿಯಕ್ಕ ಇನ್ನು ಸ್ವಲ್ಪ ಹಾಕಿದರು.